ಊರಿಗೊಂದು ಹಂಡೆ

ಘಟ್ಟದ ಮೇಲಿನವರಿಗೆ ಬಿಸಿಲು ಗೊತ್ತು; ಸೆಕೆ ಗೊತ್ತಿಲ್ಲ. ರಾಯಚೂರಿನ ಕಡೆಯ ನನ್ನ ಸ್ನೇಹಿತರೊಬ್ಬರು ಯಾವುದಾದರೊಂದು ವಿಚಾರಸಂಕಿರಣದ ನೆವದಿಂದ ಬೇಸಗೆಯಲ್ಲಿ ಮಂಗಳೂರಿಗೆ ಬಂದರೆಂದರೆ, ಮೊದಲು ಪತ್ರಿಕೆಯಲ್ಲಿ ಉಷ್ಣಮಾನದ ಅಂಕಣವನ್ನು ಹುಡುಕುತ್ತಾರೆ. “ಏನ್ರೀ, ನಿಮ್ಮಲ್ಲಿ ಬರೇ 34 ಡಿಗ್ರಿ! ನಮ್ಮಲ್ಲಿ 41 ದಾಟೇದ” ಎಂದು ಜಂಬ ಕೊಚ್ಚುತ್ತಾರೆ. ನಾನು ಮಾತನಾಡುವುದಿಲ್ಲ, ಅರ್ಧ ಗಂಟೆ ಕಾಯುತ್ತೇನೆ. ಅಷ್ಟರಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿರುತ್ತದೆ, ಕರವಸ್ತ್ರ ಹಿಂಡುವ ಹದಕ್ಕೆ ಬಂದಿರುತ್ತದೆ, ಜಂಬವೂ ಬೆವರಿನ ಜೊತೆಗೇ ಇಳಿದುಹೋಗಿರುತ್ತದೆ.

ಸೆಕೆಯೆಂದರೆ ಬರಿಯ ಕಾವಲ್ಲ. ಕಾವು, ಝಳ, ಧಗೆ, ಬೇಗೆ, ಶಾಖ ಎಂದು ಕನ್ನಡದಲ್ಲಿ ಬೇಕಾದಷ್ಟು ಮಾತುಗಳಿವೆ. ಅವುಗಳಲ್ಲಿ ಯಾವುದೂ ನಮ್ಮ ಕರಾವಳಿಯ ಸೆಕೆಗೆ ಸಮನಾಗಲಾರದು. ಅವೆಲ್ಲ ಒಣಗಿದ ಶಬ್ದಗಳು. ಸೆಕೆಯಲ್ಲಿ ಕಡಲಿನ ತೇವ ಸೇರಿಕೊಂಡಿದೆ. ಬೆವರು ಆರಿದರೆ ಮೈ ತಣಿಯುವುದೆಂಬುದು ಪ್ರಕೃತಿಯ ಏರ್ಪಾಡು. ಗಾಳಿಯೇ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡು ಕುಳಿತಿರುವಾಗ ಬೆವರು ಆರುವುದಾದರೂ ಎಲ್ಲಿಗೆ? ಬಳ್ಳಾರಿಯಲ್ಲಿ ಒದ್ದೆ ಹುಲ್ಲಿನ ನಡುವೆ ಗಾಳಿ ಬೀಸುವ ಕೂಲರು ಅಮೃತಸಮಾನ. ಮಂಗಳೂರಿನಲ್ಲಿ ಅದನ್ನು ಹಚ್ಚಿದರೆ ಸೆಕೆಗೆ ಸೆಕೆ ಕೂಡಿಸಿದಂತೆ. ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರನು ಹವಾನಿಯಂತ್ರಣದ ಮೊದಲ ಏರ್ಪಾಡನ್ನು ರೂಪಿಸಿದುದು ಮನುಷ್ಯರ ಸುಖಕ್ಕಾಗಿ ಅಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿದ್ದ ಒಂದು ಮುದ್ರಣಾಲಯದ ಕಾಗದಕ್ಕಾಗಿ. ಸೆಕೆಗೆ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲವಂತೆ. ಮುದ್ರಣಕ್ಕಾಗಿ ಹುಟ್ಟಿದ ತಂಪಿನ ವಿಚಾರವನ್ನು ಪತ್ರಿಕೆಯ ಪುರವಣಿಯಲ್ಲಿ ಬರೆಯಲು ನನಗೆ ಇದಕ್ಕಿಂತ ಹೆಚ್ಚಿನ ಸಮರ್ಥನೆ ಬೇಕಾಗಿಲ್ಲ.

ಕನ್ನಡ ಮೇಷ್ಟರಾದವರಿಗೆ ಒಂದು ಚಟ; ಯಾವ ವಸ್ತುವನ್ನು ಕೊಟ್ಟರೂ ಅದನ್ನು ಮುಟ್ಟುವ ಮೊದಲು ಅದರ ಹೆಸರನ್ನು ಬಿಡಿಸಿ ನೋಡುತ್ತಾರೆ. ನಮ್ಮ ತುಳುವಿನಲ್ಲಿ ಬಿಸಿನೀರಿಗೆ ‘ಬೆಂದ್ರ್’ ಎಂದು ಹೆಸರು. ಹಳಗನ್ನಡದ ‘ಬೆನ್ನೀರ್’, ತಮಿಳಿನ ‘ವೆನ್ನೀರ್’ ಅದರ ಒಡಹುಟ್ಟುಗಳು. ಹೊಸಗನ್ನಡವು ತಣ್ಣೀರು, ಕಣ್ಣೀರುಗಳನ್ನು ಉಳಿಸಿಕೊಂಡು ಬೆನ್ನೀರನ್ನು ಮಾತ್ರ ಏಕೆ ಕೈಬಿಟ್ಟಿತೋ ನಾನರಿಯೆ. ತುಳುವಿನಲ್ಲಿ ಅದು ಇನ್ನೂ ಬಿಸಿಯಾಗಿಯೇ ಇದೆ. ಪುತ್ತೂರು ತಾಲೂಕಿನ ಇರ್ದೆಯಲ್ಲಿ ನೆಲದೊಳಗಿನಿಂದ ಬೆಚ್ಚನೆಯ ನೀರು ಉಕ್ಕುವ ಒಂದು ಬುಗ್ಗೆಯಿದೆ. ಅದಕ್ಕೆ ಜನರು ಇಟ್ಟ ಹೆಸರು ಬೆಂದ್ರು ತೀರ್ಥ. ಇತ್ತ ಮಂಗಳೂರಿನಲ್ಲಿ ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ದೋಣಿ ಹತ್ತಿ ಗುರುಪುರ ಹೊಳೆಯನ್ನು ದಾಟಿದರೆ ಸಿಗುವ ಊರು ತಣ್ಣೀರುಬಾವಿ. ಒಂದೇ ಜಿಲ್ಲೆಯಲ್ಲಿ ದೇವರು ಬಿಸಿನೀರಿನ ಕೊಪ್ಪರಿಗೆಯನ್ನೂ ತಣ್ಣೀರಿನ ಬಾವಿಯನ್ನೂ ಇಟ್ಟಿದ್ದಾನೆ. ಇವೆರಡನ್ನೂ ಮನೆಮನೆಗೆ ಮುಟ್ಟಿಸುವ ಕೊಳವೆಯನ್ನು ಮಾತ್ರ ನಮ್ಮ ಪಾಲಿಗೆ ಬಿಟ್ಟಿದ್ದಾನೆ.

ಕೊಳವೆಯ ವಿಷಯಕ್ಕೆ ಬರುವ ಮುಂಚೆ ಹಂಡೆಯ ವಿಷಯ ಹೇಳಬೇಕು. ನಾನು ಬೆಳೆದ ಮನೆಯಲ್ಲಿ ಬಚ್ಚಲುಕೋಣೆಯೆಂಬುದು ಮನೆಗೆ ತಾಗಿಯೂ ತಾಗದಂತೆ ಹಿಂಭಾಗದಲ್ಲಿತ್ತು. ಮಣ್ಣಿನ ಒಲೆಯ ಮೇಲೆ ಕತ್ತಿನವರೆಗೆ ಹೂತ ತಾಮ್ರದ ಹಂಡೆ. ಹೊರಗಿನಿಂದ ಉರಿ ಹಾಕುವುದಕ್ಕೆ ಒಂದು ಬಾಯಿ. ಆ ಒಲೆಗೆ ಸೌದೆಯನ್ನು ಹಾಕುವುದು ದುಂದುಗಾರಿಕೆಯೆಂದು ಅಜ್ಜಿಯ ಮತ. ತೆಂಗಿನ ಮಡಲು, ಕೊತ್ತಳಿಗೆ, ಅಡಿಕೆಯ ಸಿಪ್ಪೆ, ಅಂಗಳ ಗುಡಿಸಿದ ತರಗೆಲೆ, ಹೀಗೆ ಬೇರೆ ಯಾವ ಕೆಲಸಕ್ಕೂ ಬಾರದುದೆಲ್ಲ ಅದಕ್ಕೆ ಆಹಾರ. ಬೆಳಗ್ಗೆ ಐದಕ್ಕೆ ಹಚ್ಚಿದ ಒಂದು ಉರಿಯಲ್ಲಿ ಹನ್ನೊಂದು ಮಂದಿಯ ಸ್ನಾನವಾಗುತ್ತಿತ್ತು. ತೆಗೆದಷ್ಟು ತಣ್ಣೀರನ್ನು ಹಿಂದಕ್ಕೆ ಹೊಯ್ಯಬೇಕೆಂಬುದು ಮನೆಯ ಕಾನೂನು. ಹೊಯ್ಯದೆ ಹೊರಬಂದವನಿಗೆ ಅಜ್ಜಿಯ ಬಾಯಿಂದ ಹಂಡೆಯ ನೀರಿಗಿಂತ ಬಿಸಿಯಾದುದು ಸಿಗುತ್ತಿತ್ತು. ಉಳಿದ ಬೂದಿ ಪಾತ್ರೆ ತೊಳೆಯುವುದಕ್ಕೂ ಬಸಳೆಯ ಬುಡಕ್ಕೂ ಹೋಗುತ್ತಿತ್ತು.

ಈ ಹಂಡೆಗೆ ವರ್ಷಕ್ಕೊಮ್ಮೆ ಹಬ್ಬವೂ ಇತ್ತು. ನರಕಚತುರ್ದಶಿಯ ಹಿಂದಿನ ಸಂಜೆ ಹುಣಸೆಹುಳಿ ಹಚ್ಚಿ ಬೆಳಗಿದ ಹಂಡೆಗೆ ಸುಣ್ಣದ ಗೆರೆ ಎಳೆದು, ಕತ್ತಿಗೆ ಬಳ್ಳಿ ಸುತ್ತಿ, ಜಾಗಟೆ ಬಾರಿಸುತ್ತ ಬಾವಿಯಿಂದ ನೀರು ತಂದು ತುಂಬುತ್ತಿದ್ದೆವು. ತುಳುವರು ಮಾರನೆಯ ದಿನದ ಹಬ್ಬವನ್ನು ‘ಮೀಪಿನ ಪರ್ಬ’, ಸ್ನಾನದ ಹಬ್ಬ, ಎಂದೇ ಕರೆಯುತ್ತಾರೆ. ನೀರು ಕಾಯಿಸುವ ಪಾತ್ರೆಗೆ ಇಷ್ಟು ಮರ್ಯಾದೆ ಕೊಡುವ ಜನ ಲೋಕದಲ್ಲಿ ಬೇರೆಲ್ಲಾದರೂ ಇದ್ದಾರೆಯೇ? ಗೀಸರಿಗೆ ಹಾರ ಹಾಕಿದವರನ್ನು ನಾನು ಈವರೆಗೆ ಕಂಡಿಲ್ಲ.

ಇನ್ನು ತಂಪು. ಅದಕ್ಕೆ ಯಂತ್ರವೇ ಬೇಕಾಗಿರಲಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದರು. ಅದೇ ಮಿಷನ್ನಿನ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಇದೇ ಮಂಗಳೂರಿನಲ್ಲಿ ಅಚ್ಚಾಯಿತು. ನಾನು ಅನ್ನ ತಿನ್ನುವುದು ಎರಡನೆಯದರಿಂದಲಾದರೂ ಮೊದಲನೆಯದರ ಋಣವೇ ದೊಡ್ಡದೆಂದು ಏಪ್ರಿಲಿನಲ್ಲಿ ಅನಿಸುತ್ತದೆ. ಹೆಂಚುಗಳ ಸಂದಿಯಿಂದ ಬಿಸಿಗಾಳಿ ಮೇಲಕ್ಕೆ ಹೊರಟುಹೋಗುತ್ತಿತ್ತು. ಮುಚ್ಚಿಗೆಯ ಅಟ್ಟ ಮಾಡಿನ ಕಾವನ್ನು ಕೆಳಗಿಳಿಯಗೊಡುತ್ತಿರಲಿಲ್ಲ. ಚಾವಡಿಯ ಕೆಂಪು ಕಾವಿಯ ನೆಲದಲ್ಲಿ ಮಧ್ಯಾಹ್ನ ಚಾಪೆಯಿಲ್ಲದೆ ಮಲಗುವುದೇ ಒಂದು ಭೋಗವಾಗಿತ್ತು.

ಆ ಮನೆ ಈಗ ಇಲ್ಲ. ಪಾಲಾಗಿ, ಮಾರಾಟವಾಗಿ, ಅದರ ಜಾಗದಲ್ಲಿ ಆರು ಮಾಳಿಗೆಯ ಕಟ್ಟಡವೊಂದು ಎದ್ದಿದೆ. ಅದರ ಎರಡನೆಯ ಮಾಳಿಗೆಯಲ್ಲಿ ನಮ್ಮದೂ ಒಂದು ಮನೆ. ಒಟ್ಟು 24 ಮನೆಗಳು, ಮನೆಗೆ ಎರಡೋ ಮೂರೋ ಬಚ್ಚಲು, ಬಚ್ಚಲಿಗೊಂದು ಗೀಸರು. ಅಂದರೆ ಹನ್ನೊಂದು ಮಂದಿಗೆ ಒಂದು ಹಂಡೆಯಿದ್ದ ನೆಲದ ಮೇಲೆ ಈಗ ಸುಮಾರು ಅರುವತ್ತು ಹಂಡೆಗಳಿವೆ. ತಾರಸಿಯ ಮೇಲೆ ಎಲ್ಲರಿಗೂ ಸೇರಿ ಸೂರ್ಯನ ಶಾಖದಿಂದ ನೀರು ಕಾಯಿಸುವ ತೊಟ್ಟಿಗಳನ್ನು ಕಟ್ಟಿಸಿದವರು ಇಟ್ಟುಕೊಟ್ಟಿದ್ದಾರೆ, ಇಲ್ಲವೆನ್ನಲಾರೆ. ಆದರೆ ಕೊಳವೆಗಳಿಗೆ ಹೊದಿಕೆ ಹೊದಿಸಲು ಮರೆತರು. ಆರನೆಯ ಮಾಳಿಗೆಯವರಿಗೆ ಬೆಂದ್ರ್ ಸಿಗುತ್ತದೆ. ನಮಗೆ ಒಂದು ಬಕೆಟ್ಟು ತಣ್ಣೀರು ಬಿಟ್ಟ ಮೇಲೆ ಉಗುರುಬೆಚ್ಚಗೆ ಬರುತ್ತದೆ. ನೆಲಮಾಳಿಗೆಯವರು ಅದರ ಆಸೆಯನ್ನೇ ಬಿಟ್ಟಿದ್ದಾರೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಸೂರ್ಯನಿಗೇ ರಜೆಯಾದ್ದರಿಂದ ಯಾರಿಗೂ ಇಲ್ಲ.

ಈ ಕಟ್ಟಡದ ಹೊಟ್ಟೆಯಲ್ಲಿ ಬುಡದಿಂದ ತಾರಸಿಯವರೆಗೆ ಒಂದು ಓಣಿಯಿದೆ. ಗಾಳಿ ಬೆಳಕಿಗೆಂದು ಬಿಟ್ಟ ಜಾಗ. ‘ಡಕ್ಟು’ ಎಂದು ಎಲ್ಲರೂ ಕರೆಯುತ್ತಾರೆ. ನನ್ನ ತಾಯಿಯ ಕೋಣೆಯ ಏಕೈಕ ಕಿಟಕಿ ಅದಕ್ಕೆ ತೆರೆದುಕೊಳ್ಳುತ್ತದೆ. ಮೊದಲ ಎರಡು ವರ್ಷ ತಕರಾರಿರಲಿಲ್ಲ. ಆಮೇಲೆ ಒಂದೊಂದಾಗಿ ಏರ್ ಕಂಡಿಷನರುಗಳು ಬಂದುವು. ಕೋಣೆಯ ಒಳಗಿರುವ ತಲೆ ಚೆಂದ, ಬೆಳ್ಳಗೆ, ಮೌನವಾಗಿ ತಂಪು ಸುರಿಸುತ್ತದೆ. ಹೊರಗಿರುವ ಹೊಟ್ಟೆ ಗುಡುಗುಟ್ಟುತ್ತ ಬಿಸಿಗಾಳಿ ಕಾರುತ್ತದೆ. ಇಂಥ ಹದಿನಾಲ್ಕು ಹೊಟ್ಟೆಗಳು ಇಂದು ಆ ಓಣಿಗೆ ಮುಖಮಾಡಿ ಕುಳಿತಿವೆ. ರಾತ್ರಿ ಹತ್ತಕ್ಕೆ ಅವೆಲ್ಲ ಒಟ್ಟಿಗೆ ಉಸಿರು ಬಿಡಲಾರಂಭಿಸಿದರೆ ಅಮ್ಮನ ಕೋಣೆ ಆ ನಮ್ಮ ಹಳೆಯ ಬಚ್ಚಲೊಲೆಯ ಬಾಯಿಯಂತಾಗುತ್ತದೆ. ಕಿಟಕಿ ತೆರೆದರೆ ಝಳ, ಮುಚ್ಚಿದರೆ ಸೆಕೆ.

ಅಮ್ಮನಿಗೆ ಎಪ್ಪತ್ತೆಂಟು ವರ್ಷ. ಹೋದ ಏಪ್ರಿಲಿನಲ್ಲಿ ಒಂದು ನಡುರಾತ್ರಿ ನೀರು ಕುಡಿಯಲೆಂದು ಎದ್ದವರು ಬಾಗಿಲ ಬಳಿ ಕುಸಿದುಬಿಟ್ಟರು. ಮೈಯಲ್ಲಿ ನೀರೂ ಉಪ್ಪೂ ಕಡಿಮೆಯಾಗಿದೆ, ಈ ಪ್ರಾಯದಲ್ಲಿ ರಾತ್ರಿಯ ಕಾವು ಹಗಲಿನ ಬಿಸಿಲಿಗಿಂತ ಕೆಟ್ಟದು, ಕೋಣೆಯನ್ನು ತಂಪಾಗಿಡಿ ಎಂದು ವೈದ್ಯರು ಹೇಳಿದರು. ಮೂರನೆಯ ದಿನವೇ ನಾನು ಒಂದೂವರೆ ಟನ್ನಿನ ಏರ್ ಕಂಡಿಷನರನ್ನು ಕೊಂಡು ತಂದೆ.

“ಒಂದೂವರೆ ಟನ್ನು ಭಾರವನ್ನು ಈ ಗೋಡೆ ತಡೀತದಾ?” ಎಂದು ಅಮ್ಮ ಕೇಳಿದರು.

ಅದು ಭಾರದ ಲೆಕ್ಕವಲ್ಲ, ಮಂಜುಗಡ್ಡೆಯ ಲೆಕ್ಕ. ಒಂದು ಟನ್ನು ಮಂಜುಗಡ್ಡೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಕರಗುವಾಗ ಎಷ್ಟು ಕಾವನ್ನು ಹೀರುವುದೋ ಅಷ್ಟನ್ನು ಹೀರುವ ಯಂತ್ರಕ್ಕೆ ಒಂದು ಟನ್ನಿನದೆಂದು ಹೆಸರು. ಯಂತ್ರಗಳು ಹುಟ್ಟುವ ಮೊದಲು ತಂಪು ನಿಜವಾಗಿಯೂ ತೂಕದಲ್ಲಿಯೇ ಮಾರಾಟವಾಗುತ್ತಿತ್ತು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಕೆರೆಯ ಮಂಜುಗಡ್ಡೆಯನ್ನು ತುಂಬಿಕೊಂಡ ಹಡಗು ನಾಲ್ಕು ತಿಂಗಳು ತೇಲಿ ಕಲ್ಕತ್ತೆಗೆ ಬಂದು ಮುಟ್ಟಿತ್ತು. ಅಷ್ಟು ದೂರವೇಕೆ, ನಮ್ಮ ದಕ್ಕೆಯಲ್ಲಿ ಬೆಳಗಿನ ಜಾವ ಮೀನಿನ ಬೋಟುಗಳಿಗೆ ಪುಡಿ ಮಂಜುಗಡ್ಡೆ ಸುರಿಯುವುದನ್ನು ಯಾರು ಬೇಕಾದರೂ ನೋಡಬಹುದು. ಒಂದೊಂದು ಬೋಟೂ ತನ್ನದೇ ಮಂಜುಗಡ್ಡೆಯ ಕಾರ್ಖಾನೆಯನ್ನು ಹೊತ್ತು ಕಡಲಿಗೆ ಹೋಗುವುದಿಲ್ಲ. ದಡದಲ್ಲಿ ತಂಪನ್ನು ಮಾಡುವವರು ಕೆಲವರು, ಕೊಂಡೊಯ್ಯುವವರು ನೂರಾರು ಮಂದಿ. ಈ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಟನ್ನಿನ ವಿವರಣೆಯನ್ನು ಅಮ್ಮ ಒಪ್ಪಿದರು. “ಸರಿ, ನನ್ನ ಕೋಣೆಯ ಸೆಕೆ ಹೊರಗೆ ಹೋಗ್ತದೆ. ಹೋಗುವುದು ಎಲ್ಲಿಗೆ?”

ಓಣಿಗೆ, ಎಂದೆ.

“ಓಣಿಯ ಆಚೆ ಬದಿಯಲ್ಲಿ ಬಾಣಂತಿ ಮಲಗಿದ್ದಾಳೆ. ಹದಿನೆಂಟು ದಿನದ ಮಗು ಉಂಟು. ನನ್ನ ಸೆಕೆಯನ್ನು ಅದರ ಮುಖಕ್ಕೆ ಊದುವುದಾ? ನನಗೆ ಬೇಡ ಮಾರಾಯ.”

ನಾನು ತರ್ಕ ಹೂಡಿದೆ. ಉಳಿದ ಹದಿನಾಲ್ಕು ಮಂದಿ ಊದುತ್ತಿರುವಾಗ ನಮ್ಮದೊಂದರಿಂದ ಏನಾಗುತ್ತದೆ ಎಂದೆ. ಹದಿನೈದನೆಯವರು ಹಾಗೆಯೇ ಹೇಳಿದ್ದರಿಂದಲ್ಲವೇ ಹದಿನಾಲ್ಕಾದುದು ಎಂದು ಅಮ್ಮ ತಿರುಗಿ ಕೇಳಿದರು. ಲೆಕ್ಕ ಕೊಂಚ ಹಿಂದುಮುಂದಾದರೂ ಅರ್ಥಕ್ಕೆ ಕೊರತೆಯಿರಲಿಲ್ಲ.

ಯಂತ್ರಶಾಸ್ತ್ರ ಹೇಳುವುದೂ ಅದನ್ನೇ ಎಂದು ನನಗೆ ತಿಳಿದುದು ನಮ್ಮ ಪೊರ್ಬುಗಳಿಂದ. ಮೂರನೆಯ ಮಾಳಿಗೆಯಲ್ಲಿರುವ ಇವರು ಇಪ್ಪತ್ತೈದು ವರ್ಷ ದುಬಾಯಿಯಲ್ಲಿ ದುಡಿದು ಈಗ ಊರಿಗೆ ಬಂದು ನೆಲೆಸಿದ್ದಾರೆ. ಏನು ಕೆಲಸದಲ್ಲಿದ್ದಿರಿ ಎಂದು ಯಾರಾದರೂ ಕೇಳಿದರೆ, “ತಣ್ಣೀರು ಮಾರ್ತಿದ್ದೆ” ಎನ್ನುತ್ತಾರೆ. ಕೆಲವರು ಸೋಡಾ ಕಾರ್ಖಾನೆಯೆಂದು ತಿಳಿದುಕೊಂಡಿದ್ದಾರೆ. ಅವರು ಇದ್ದುದು ಇಡೀ ಬಡಾವಣೆಗೆ ತಂಪನ್ನು ಒದಗಿಸುವ ಒಂದು ಸ್ಥಾವರದಲ್ಲಿ.

“ನೋಡಿ ಮಾಸ್ಟ್ರೇ,” ಎಂದರು ಪೊರ್ಬುಗಳು, “ಏಸಿ ಎಂದರೆ ತಂಪು ಮಾಡುವ ಮಿಷನ್ ಅಲ್ಲ. ಕಾವನ್ನು ಹೊತ್ತು ಹಾಕುವ ಕೂಲಿ. ಒಂದು ಪಾಲು ಕರೆಂಟು ತಿಂದು ಮೂರು ಪಾಲು ಕಾವನ್ನು ಹೊರಗೆ ಹಾಕ್ತದೆ. ತಿಂದ ಕರೆಂಟೂ ಕಾವೇ ಆಗ್ತದೆ. ಒಳಗೆ ಮೂರು ಹೋದರೆ ಹೊರಗೆ ನಾಲ್ಕು ಬೀಳ್ತದೆ. ಅಮ್ಮ ಹೇಳಿದ್ದು ಕರೆಕ್ಟು.”

ಅವರ ದುಬಾಯಿಯ ವರ್ಣನೆ ಕೇಳಲು ಚೆನ್ನಾಗಿತ್ತು. ಮನೆಗಳ ಗೋಡೆಯ ಮೇಲೆ ಗುಡುಗುಟ್ಟುವ ಹೊಟ್ಟೆಗಳಿಲ್ಲ. ಬಡಾವಣೆಯ ಒಂದು ಮೂಲೆಯಲ್ಲಿ ದೊಡ್ಡ ಸ್ಥಾವರ. ಅಲ್ಲಿ ನೀರನ್ನು ನಾಲ್ಕೈದು ಡಿಗ್ರಿಯವರೆಗೆ ತಣಿಸಿ, ದಪ್ಪನೆಯ ಹೊದಿಕೆಯ ಕೊಳವೆಗಳಲ್ಲಿ ನೆಲದಡಿಯಿಂದ ಕಟ್ಟಡ ಕಟ್ಟಡಕ್ಕೆ ಕಳುಹಿಸುತ್ತಾರೆ. ಆ ನೀರು ಕೋಣೆಗಳ ಕಾವನ್ನು ಹೊತ್ತುಕೊಂಡು ಹನ್ನೆರಡು ಹದಿಮೂರು ಡಿಗ್ರಿಯಾಗಿ ಇನ್ನೊಂದು ಕೊಳವೆಯಲ್ಲಿ ಹಿಂದಿರುಗುತ್ತದೆ. ತೆಗೆದಷ್ಟನ್ನು ಹಿಂದಕ್ಕೆ ಹೊಯ್ಯಬೇಕೆಂಬ ಅಜ್ಜಿಯ ಕಾನೂನು ಅಲ್ಲಿಯೂ ಇದೆಯೆಂದು ಕೇಳಿ ನನಗೆ ಸಂತೋಷವಾಯಿತು. ಎಲ್ಲರಿಗೂ ಒಂದೇ ಹೊತ್ತಿಗೆ ಪೂರ್ತಿ ತಂಪು ಬೇಕಾಗುವುದಿಲ್ಲವಾದುದರಿಂದ ನೂರು ಮನೆಗಳ ಯಂತ್ರಗಳನ್ನು ಕೂಡಿಸಿದಷ್ಟು ದೊಡ್ಡ ಯಂತ್ರ ಬೇಕಿಲ್ಲ. ದೊಡ್ಡ ಯಂತ್ರಕ್ಕೆ ಕರೆಂಟೂ ಕಡಿಮೆ ಸಾಕು. ರಾತ್ರಿ ತಣ್ಣೀರನ್ನು ತೊಟ್ಟಿಯಲ್ಲಿ ಕೂಡಿಟ್ಟು ಹಗಲು ಖರ್ಚು ಮಾಡಲೂಬಹುದು. ದಕ್ಕೆಯ ಮಂಜುಗಡ್ಡೆಯನ್ನು ನೆನಪಿನಲ್ಲಿಡಿ ಎಂದೆನಲ್ಲ, ಅದು ಇದಕ್ಕಾಗಿ.

ಇದರ ಅಣ್ಣನೊಬ್ಬನಿದ್ದಾನೆ, ಊರಿಗೆಲ್ಲ ಒಂದೇ ಒಲೆಯಿಂದ ಕಾವನ್ನು ಹಂಚುವುದು. ಫ್ರಾನ್ಸಿನ ಶೋದೆಗ್ ಎಂಬ ಸಣ್ಣ ಊರಿನಲ್ಲಿ ಬಿಸಿನೀರಿನ ಬುಗ್ಗೆಯಿಂದ ಮನೆಗಳಿಗೆ ನೀರು ಹರಿಸಿ ಚಳಿ ಕಳೆಯುವ ಪದ್ಧತಿ ಹದಿನಾಲ್ಕನೆಯ ಶತಮಾನದಿಂದಲೇ ಇದೆ. ಅಮೆರಿಕದ ಲಾಕ್‌ಪೋರ್ಟಿನಲ್ಲಿ 1877ರಲ್ಲಿ ಬರ್ಡ್‌ಸಿಲ್ ಹಾಲಿ ಎಂಬಾತನು ಒಂದು ಬಾಯ್ಲರಿನಿಂದ ಬೀದಿಯ ಮನೆಗಳಿಗೆಲ್ಲ ಹಬೆಯನ್ನು ಕಳುಹಿಸಿ ವ್ಯಾಪಾರವನ್ನೇ ಆರಂಭಿಸಿದ. ಐಸ್‌ಲೆಂಡಿನ ರಾಜಧಾನಿ ರೇಕ್ಯಾವಿಕ್‌ನ ಕತೆ ನನಗೆ ಎಲ್ಲಕ್ಕಿಂತ ಪ್ರಿಯ. ಅಲ್ಲಿ ಹೆಂಗಸರು ಬಟ್ಟೆ ಒಗೆಯಲು ಹೋಗುತ್ತಿದ್ದ ಬಿಸಿನೀರಿನ ಬುಗ್ಗೆಗಳ ಬಳಿ ಕೊರೆದು, 1930ರಲ್ಲಿ ಆ ನೀರನ್ನು ಕೊಳವೆಯಲ್ಲಿ ಊರಿಗೆ ತಂದರು. ಮೊದಲು ಹೋದುದು ಶಾಲೆಗೆ, ಆಸ್ಪತ್ರೆಗೆ, ಈಜುಕೊಳಕ್ಕೆ, ಕೆಲವು ಹತ್ತು ಮನೆಗಳಿಗೆ. ಇಂದು ಆ ದೇಶದ ಹತ್ತರಲ್ಲಿ ಒಂಬತ್ತು ಮನೆಗಳು ಭೂಮಿಯ ಬೆಂದ್ರಿನಲ್ಲಿ ಬೆಚ್ಚಗಿವೆ. ನಮ್ಮ ಇರ್ದೆಯ ಬುಗ್ಗೆಯಿಂದ ಅಂಥದನ್ನು ಬಯಸುವಂತಿಲ್ಲ; ಅದರ ಬಿಸಿ ಮೀಯುವವರ ಮೈಗೆ ಹಿತವಾಗುವಷ್ಟು ಮಾತ್ರ. ಇರಲಿ, ನಮಗೆ ಚಳಿಯೂ ಅಷ್ಟಕ್ಕಷ್ಟೇ.

ಡೆನ್ಮಾರ್ಕಿನವರದು ಬೇರೆ ಬುದ್ಧಿ. ಅವರಿಗೆ ಬುಗ್ಗೆಗಳಿಲ್ಲ, ಕಸ ಇತ್ತು. ಕೋಪನ್‌ಹೇಗನ್ನಿಗೆ ಅಂಟಿದ ಫ್ರೆಡರಿಕ್ಸ್‌ಬರ್ಗ್ ಎಂಬಲ್ಲಿ 1903ರಲ್ಲಿಯೇ ಊರ ಕಸವನ್ನು ಸುಟ್ಟು ಆ ಕಾವನ್ನು ಆಸ್ಪತ್ರೆಗೆ ಕಳುಹಿಸಿದರು. 1973ರಲ್ಲಿ ಎಣ್ಣೆಯ ಬೆಲೆ ಏರಿ ಜಗತ್ತೇ ತಲ್ಲಣಿಸಿದಾಗ ಅವರು, ವಿದ್ಯುತ್ ಸ್ಥಾವರಗಳು ಗಾಳಿಗೂ ಕಡಲಿಗೂ ಚೆಲ್ಲುತ್ತಿದ್ದ ಕಾವನ್ನು ಇನ್ನು ಮನೆಗಳಿಗೆ ತಿರುಗಿಸಬೇಕೆಂದು ಹಟ ಹಿಡಿದರು. 1979ರಲ್ಲಿ ಅದಕ್ಕೆ ಕಾಯಿದೆಯನ್ನೂ ಮಾಡಿದರು. ಈಗ ಆ ದೇಶದ ಮೂರರಲ್ಲಿ ಎರಡು ಮನೆಗಳಿಗೆ ಬೆಚ್ಚನೆಯ ನೀರು ಬರುವುದು ಊರ ಹಂಡೆಯಿಂದ. ನಮ್ಮ ಪಚ್ಚನಾಡಿಯ ಕಸದ ಗುಡ್ಡ 2019ರ ಮಳೆಗಾಲದಲ್ಲಿ ಜರಿದು ಮಂದಾರದ ಅಡಿಕೆ ತೋಟಗಳ ಮೇಲೆ ಹರಿದುಹೋದುದನ್ನು ನೆನೆದಾಗ ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ನಮ್ಮ ಕಸ ಒದ್ದೆ, ಅವರ ಕಸ ಒಣ ಎಂಬ ಭೇದವನ್ನು ಬಲ್ಲೆ. ಆದರೂ ಹೊಟ್ಟೆಕಿಚ್ಚು ಭೇದ ನೋಡುವುದಿಲ್ಲ.

ವಿದ್ಯುತ್ ಸ್ಥಾವರವೆಂದೊಡನೆ ನಮ್ಮ ತಣ್ಣೀರುಬಾವಿ ಮತ್ತೆ ನೆನಪಾಗುತ್ತದೆ. 2001ರಲ್ಲಿ ಅಲ್ಲಿ ಗುರುಪುರ ಹೊಳೆಯ ಮೇಲೆ ತೇಲುವ ಒಂದು ವಿದ್ಯುತ್ ಸ್ಥಾವರವನ್ನು ತಂದು ಕಟ್ಟಿದ್ದರು. 220 ಮೆಗಾವಾಟಿನದು, ನಾಫ್ತಾ ಉರಿಸಿ ನಡೆಯುವಂಥದು. ನಾನು ಆಗ ವಿದ್ಯಾರ್ಥಿ. ಹಡಗೋ ಕಾರ್ಖಾನೆಯೋ ತಿಳಿಯದ ಆ ಪ್ರಾಣಿಯನ್ನು ನೋಡಲು ಸಂಜೆ ಬತ್ತೇರಿಯ ದಡದಲ್ಲಿ ಕೂರುತ್ತಿದ್ದೆವು. ಕೆಲವು ವರ್ಷಗಳ ಬಳಿಕ ಅದನ್ನು ಬಿಚ್ಚಿ ಆಂಧ್ರದ ಕಾಕಿನಾಡಕ್ಕೆ ಒಯ್ದರು. ಇಂದು ಪಡುಬಿದ್ರಿಯ ಬಳಿ ಎಲ್ಲೂರಿನಲ್ಲಿ 1,200 ಮೆಗಾವಾಟಿನ ಕಲ್ಲಿದ್ದಲ ಸ್ಥಾವರವಿದೆ. ಇಂಥ ಸ್ಥಾವರಗಳಲ್ಲಿ ಸುಟ್ಟ ಕಲ್ಲಿದ್ದಲಿನ ನೂರು ಪಾಲು ಕಾವಿನಲ್ಲಿ ವಿದ್ಯುತ್ತಾಗುವುದು ಮೂವತ್ತೈದರಿಂದ ನಲವತ್ತು ಪಾಲು ಮಾತ್ರ. ಉಳಿದುದು ಹೊಗೆಗೂಡಿನಿಂದಲೂ, ಹಬೆಯನ್ನು ತಣಿಸುವ ನೀರಿನಿಂದಲೂ ಹೊರಟುಹೋಗುತ್ತದೆ. ಹನ್ನೊಂದು ಮಂದಿಗೆ ಹಚ್ಚಿದ ಉರಿಯಲ್ಲಿ ನಾಲ್ವರು ಮಿಂದು ಏಳು ಮಂದಿ ಮೀಯದೆ ಉಳಿದಂತೆ. ಅಜ್ಜಿ ಇದ್ದಿದ್ದರೆ ಸ್ಥಾವರದ ಮ್ಯಾನೇಜರರ ಗತಿ ಏನಾಗುತ್ತಿತ್ತೋ!

ಸೆಕೆಯ ನಾಡಿನಲ್ಲಿ ಕಾವನ್ನು ತಂದುಕೊಟ್ಟರೆ ಯಾರಿಗೆ ಬೇಕು ಎಂದು ಕೇಳಬಹುದು. ಕಾವಿನಿಂದಲೇ ತಂಪು ಮಾಡಬಹುದಂತೆ. ಫ್ರಾನ್ಸಿನ ಫರ್ಡಿನಾಂಡ್ ಕಾರೆ ಎಂಬವನು 1859ರ ಸುಮಾರಿಗೇ ಅಮೋನಿಯವನ್ನು ಕಾಯಿಸಿ ಮಂಜುಗಡ್ಡೆ ಮಾಡುವ ಯಂತ್ರವನ್ನು ಕಟ್ಟಿದ್ದ. ಬೆಂಕಿ ಹಚ್ಚಿ ಮಂಜುಗಡ್ಡೆ! ಇಂದು ಕಾರ್ಖಾನೆಗಳ ಬೀಳುಕಾವಿನಿಂದ ತಣ್ಣೀರು ಮಾಡುವ ಯಂತ್ರಗಳು ಅದೇ ವಂಶದವು. ಆದರೆ ಎಲ್ಲೂರಿನಿಂದ ಮಂಗಳೂರಿಗೆ ತಣ್ಣೀರನ್ನು ಹರಿಸಲು ಹೊರಟರೆ ಕೊಳವೆಯ ಖರ್ಚಿನಲ್ಲಿ ನಾವೆಲ್ಲ ಬೆವರಬೇಕಾದೀತು. ಕೆನಡಾದ ಟೊರಾಂಟೊದವರು 2004ರಿಂದ ಆಂಟೇರಿಯೊ ಸರೋವರದ 83 ಮೀಟರ್ ಆಳದಿಂದ ನಾಲ್ಕು ಡಿಗ್ರಿಯ ನೀರನ್ನು ಎಳೆದು, ಅದರ ತಂಪನ್ನು ಕಚೇರಿಗಳಿಗೆ ಕೊಟ್ಟು, ಆ ನೀರನ್ನೇ ಕುಡಿಯಲು ಬಿಡುತ್ತಾರೆ. ಪಣಂಬೂರಿನಲ್ಲಿ ನಿಂತು ನಮಗೂ ಕಡಲಿಲ್ಲವೇ ಎಂದರೆ, ಇದೆ. ಆದರೆ ದಡದ ನೀರೇ ಉಗುರುಬೆಚ್ಚಗೆ, ಕೊರೆಯುವ ತಂಪು ಬೇಕಾದರೆ ದಡದಿಂದ ಬಹುದೂರ ಹೋಗಿ ಬಹು ಆಳಕ್ಕೆ ಇಳಿಯಬೇಕು. ನನ್ನ ಅಲ್ಪಮತಿಗೆ ತೋಚುವಂತೆ, ಊರಿಗೆಲ್ಲ ಒಂದು ಹಂಡೆಯೆಂಬುದು ಮಂಗಳೂರಿಗೆ ಸದ್ಯಕ್ಕೆ ಹೊಂದದು. ಆದರೆ ಆಸ್ಪತ್ರೆಗಳು ಒತ್ತಾಗಿರುವ ಕಂಕನಾಡಿಗೆ, ಹೊಸದಾಗಿ ಏಳುವ ಬಡಾವಣೆಗಳಿಗೆ, ಬೈಕಂಪಾಡಿಯ ಕಾರ್ಖಾನೆಗಳ ಸಾಲಿಗೆ ಒಂದೊಂದು ಹಂಡೆ ಏಕಾಗಬಾರದು? ಗುಜರಾತಿನ ಗಾಂಧಿನಗರದ ಬಳಿ ಕಟ್ಟಿದ ಗಿಫ್ಟ್ ಸಿಟಿಯಲ್ಲಿ ಇಂಥ ಏರ್ಪಾಡು ನಡೆಯುತ್ತಿದೆ. 2019ರಲ್ಲಿ ಭಾರತ ಸರ್ಕಾರ ಪ್ರಕಟಿಸಿದ ತಂಪಿನ ಕಾರ್ಯಯೋಜನೆಯಲ್ಲಿಯೂ ಇದರ ಪ್ರಸ್ತಾಪವಿದೆ. ದೇಶದ ತಂಪಿನ ಬೇಡಿಕೆ ಇಪ್ಪತ್ತು ವರ್ಷಗಳಲ್ಲಿ ಎಂಟು ಪಟ್ಟಾಗುವುದೆಂದು ಅದೇ ಯೋಜನೆ ಅಂದಾಜು ಮಾಡಿದೆ. ಎಂಟು ಪಟ್ಟು! ನಮ್ಮ ಓಣಿಯಲ್ಲಿ ಅಷ್ಟು ಹೊಟ್ಟೆಗಳಿಗೆ ಗೋಡೆಯೇ ಸಾಲದು.

ಪೊರ್ಬುಗಳು ತಮ್ಮ ಕಸುಬನ್ನು ಹೊಗಳುತ್ತಲೇ ಇದ್ದರೆಂದು ತಿಳಿಯಬಾರದು. “ಒಂದು ಸಂಗತಿ ಉಂಟು ಮಾಸ್ಟ್ರೇ. ಕೊಳವೆ ಒಬ್ಬನದೇ. ಅವ ಹೇಳಿದ್ದೇ ರೇಟು. ನೀವು ಎರಡು ತಿಂಗಳು ಊರಿಗೆ ಬಂದರೂ ಬಿಲ್ಲಿನಲ್ಲಿ ಒಂದು ಪಾಲು ಕಟ್ಟಲೇಬೇಕು. ಬೇಡ ಎಂದು ಬೇರೆ ಕಡೆ ಹೋಗುವ ಹಾಗಿಲ್ಲ.” ಇದು ಸಣ್ಣ ಆಕ್ಷೇಪವಲ್ಲ. ಹಂಡೆ ದೊಡ್ಡದಾದಷ್ಟೂ ಉರಿ ಹಾಕುವವನ ಅಧಿಕಾರವೂ ದೊಡ್ಡದಾಗುತ್ತದೆ. ನಮ್ಮ ಮನೆಯಲ್ಲಿ ಅದು ಅಜ್ಜಿಯ ಕೈಯಲ್ಲಿತ್ತು. ಬೈದರೂ ಎಲ್ಲರನ್ನೂ ಮೀಯಿಸುತ್ತಿದ್ದರು. ಡೆನ್ಮಾರ್ಕಿನಲ್ಲಿ ಬಹಳ ಕಡೆ ನಗರಸಭೆಗಳೋ ಬಳಕೆದಾರರ ಸಹಕಾರ ಸಂಘಗಳೋ ಅದನ್ನು ನಡೆಸುತ್ತವೆಯಂತೆ. ಸಹಕಾರಿ ಬ್ಯಾಂಕುಗಳನ್ನೂ ಹಾಲಿನ ಸಂಘಗಳನ್ನೂ ಕಟ್ಟಿದ ನಮ್ಮ ಜಿಲ್ಲೆಯವರಿಗೆ ಇದು ಅಸಾಧ್ಯವೆಂದು ನಾನಂತೂ ಒಪ್ಪಲಾರೆ.

ಈ ಎಲ್ಲ ಮಾತುಕತೆಯ ನಡುವೆ ಎಲೆಯಡಿಕೆ ಜಗಿಯುತ್ತ ಕುಳಿತಿದ್ದ ಅಮ್ಮ ಒಂದು ಪ್ರಶ್ನೆ ಕೇಳಿದರು. “ಪೊರ್ಬುಗಳೇ, ಅಲ್ಲಿ ಬಾಣಂತಿಗೆ ದಿನಕ್ಕೆ ಎರಡು ಹಂಡೆ ಬಿಸಿನೀರು ಬೇಕು. ಗೀಸರಿನದ್ದು ಸಾಕಾಗುವುದಿಲ್ಲ ಎಂದು ಅವಳ ಅಮ್ಮ ಒಲೆಯಲ್ಲಿ ಕಾಯಿಸ್ತಾರೆ. ಇಲ್ಲಿ ನನ್ನ ಸೆಕೆ ಹೊರಗೆ ಹೋಗಿ ಹಾಳಾಗ್ತದೆ. ಆ ಸೆಕೆಯಲ್ಲಿ ಅವಳ ನೀರು ಕಾಯಿಸಲಿಕ್ಕೆ ಆಗುವುದಿಲ್ವಾ?”

ಪೊರ್ಬುಗಳು ಅಮ್ಮನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. “ಆಗ್ತದೆ ಅಮ್ಮ. ದೊಡ್ಡ ಹೋಟೆಲುಗಳಲ್ಲಿ ಮಾಡ್ತಾರೆ” ಎಂದರು. ಓಣಿಯಲ್ಲಿ ಒಂದು ಹೀಟ್ ಪಂಪ್ ಇಟ್ಟರೆ ಅದು ಅಲ್ಲಿಯ ಬಿಸಿಗಾಳಿಯನ್ನು ಹೀರಿ, ಆ ಕಾವನ್ನು ತಾರಸಿಯ ತೊಟ್ಟಿಯ ನೀರಿಗೆ ಸೇರಿಸಿ, ತಣ್ಣಗಾದ ಗಾಳಿಯನ್ನು ಓಣಿಗೇ ಬಿಡುತ್ತದೆಯೆಂದೂ, ಮಳೆಗಾಲದಲ್ಲಿಯೂ ಬಿಸಿನೀರು ಸಿಗುವುದೆಂದೂ, ಗೀಸರುಗಳು ತಿನ್ನುವ ಕರೆಂಟಿನಲ್ಲಿ ಮೂರನೆಯ ಒಂದು ಪಾಲು ಸಾಕೆಂದೂ ವಿವರಿಸಿದರು. ಕೊಳವೆಗಳಿಗೆ ಹೊದಿಕೆ ಮಾತ್ರ ತಪ್ಪದೆ ಹಾಕಿಸಬೇಕು. ಓಣಿಯ ಕಾವೆಲ್ಲ ಇದರಿಂದ ಹೋಗದು. ಏರ್ ಕಂಡಿಷನರುಗಳ ಹೊರಗಿನ ಹೊಟ್ಟೆಗಳಲ್ಲಿ ಮೇಲಿನ ಮಾಳಿಗೆಗಳವನ್ನಾದರೂ ತಾರಸಿಗೆ ಏರಿಸಬೇಕು ಎಂದೂ ಸೇರಿಸಿದರು.

ಇದನ್ನು ನಮ್ಮ ಕಟ್ಟಡದ ಸಂಘದ ಸಭೆಗೆ ತಂದೆವು. ಅಂಥ ಸಭೆಗಳ ಸ್ವರೂಪವನ್ನು ಬಲ್ಲವರಿಗೆ ವರ್ಣನೆ ಬೇಡ. ಅರ್ಧ ಹೊತ್ತು ಕಾರು ನಿಲ್ಲಿಸುವ ಜಾಗದ ಜಗಳದಲ್ಲಿ ಕಳೆಯಿತು. ಮನೆಗೆ ಸುಮಾರು 15,000 ರೂಪಾಯಿ ಬೀಳುತ್ತದೆಂದಾಗ ಹಲವರ ಮುಖ ಸಣ್ಣದಾಯಿತು. ಆರನೆಯ ಮಾಳಿಗೆಯವರು ತಮಗೆ ಈಗಲೇ ಬೇಕಾದಷ್ಟು ಬಿಸಿನೀರು ಬರುತ್ತದೆಯಲ್ಲ ಎಂದರು. ಓಣಿಯ ಕಡೆ ಕಿಟಕಿಯಿಲ್ಲದವರು, ಓಣಿಯವರ ಕಷ್ಟಕ್ಕೆ ನಾವೇಕೆ ಕೊಡಬೇಕು ಎಂದರು; ಅವರದೂ ನಾಲ್ಕು ಹೊಟ್ಟೆಗಳು ಓಣಿಯಲ್ಲಿವೆ ಎಂಬುದನ್ನು ಪೊರ್ಬುಗಳು ಎಣಿಸಿ ತೋರಿಸಬೇಕಾಯಿತು. ಬಾಣಂತಿಯ ತಾಯಿ ಎದ್ದು ನಿಂತು, ಮಗು ರಾತ್ರಿಯೆಲ್ಲ ಸೆಕೆಬೊಕ್ಕೆಯ ತುರಿಕೆಯಿಂದ ಅಳುತ್ತದೆ ಎಂದಷ್ಟೇ ಹೇಳಿ ಕುಳಿತರು. ಆಮೇಲೆ ಕೈಯೆತ್ತಿಸಿದಾಗ ಬೇಕೆಂದವರು ಹನ್ನೊಂದು ಮಂದಿ, ಬೇಡವೆಂದವರು ಒಂಬತ್ತು. ಸಂಘದ ನಿಯಮದಂತೆ ಒಟ್ಟು ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಪ್ಪಬೇಕು; ಅಂದರೆ ಇನ್ನೂ ಎರಡು ಮತ ಬೇಕು. ಸಭೆಗೆ ಬಾರದೆ ಇದ್ದವರು ನಾಲ್ವರು. ಅವರಲ್ಲಿ ಮೂವರು ದುಬಾಯಿಯಲ್ಲಿದ್ದಾರೆ, ಕೊಳವೆಯಲ್ಲಿ ಬರುವ ತಂಪಿನಲ್ಲಿಯೇ. ಕಾರ್ಯದರ್ಶಿಗಳು ಅವರಿಗೆ ಬರೆದಿದ್ದಾರೆ. ಪೊರ್ಬುಗಳು ತಾವಾಗಿಯೇ ಒಬ್ಬರೊಬ್ಬರಿಗೂ ಫೋನು ಮಾಡಿ, ಕೊಂಕಣಿಯಲ್ಲೊಮ್ಮೆ, ತುಳುವಿನಲ್ಲೊಮ್ಮೆ, ಬ್ಯಾರಿಯಲ್ಲೊಮ್ಮೆ ವಿವರಿಸುತ್ತಿದ್ದಾರೆ. ಒಬ್ಬರ ಒಪ್ಪಿಗೆ ಬಂದಿದೆ.

ಅಮ್ಮ ಈಗ ರಾತ್ರಿ ಬೀದಿಯ ಕಡೆಯ ಚಾವಡಿಯಲ್ಲಿ ಮಲಗುತ್ತಾರೆ. ಅಲ್ಲಿ ಒಂದಿಷ್ಟು ಗಾಳಿಯಿದೆ, ವಾಹನಗಳ ಗದ್ದಲವೂ ಇದೆ. ಒಂದೂವರೆ ಟನ್ನಿನ ಪೆಟ್ಟಿಗೆ ಬಿಚ್ಚದೆ ಅವರ ಮಂಚದ ಪಕ್ಕದಲ್ಲಿದೆ. ಅದರ ಮೇಲೆ ಎಲೆಯಡಿಕೆಯ ತಟ್ಟೆಯನ್ನೂ ನೀರಿನ ಚೊಂಬನ್ನೂ ಇಟ್ಟುಕೊಂಡಿದ್ದಾರೆ.